ಸುಣ್ಣ ಕಾಣದ ಗೇಣು ಗೋಡೆ

‘ಜೇಡ ಚೆನ್ನಾಗಿ ಬಂದಿದೆ. ಆದರೆ ಗೋಡೆ ಎಲ್ಲಿ?’

ನಾನು ಕಳಿಸಿದ ಫೋಟೋಗಳಿಗೆ ಸಂಶೋಧಕರು ಬರೆದ ಉತ್ತರ ಇಷ್ಟೇ. ಹುಮನಾಬಾದಿನ ನಮ್ಮ ಸ್ಟುಡಿಯೋದಲ್ಲಿ ಕೂತು ಅದನ್ನು ಓದಿದಾಗ ಮೊದಲು ಬಂದದ್ದು ಸಿಟ್ಟು. ಜೇಡದ ದೊಡ್ಡ ಎರಡು ಕಣ್ಣು, ಅವುಗಳ ಪಕ್ಕದ ಸಣ್ಣ ಎರಡು ಕಣ್ಣು, ಮುಖದ ಬಿಳಿ ರೋಮ, ಎಲ್ಲವೂ ಅಷ್ಟು ಸ್ಪಷ್ಟವಾಗಿ ಬಂದಿದ್ದವು. ಇನ್ನೇನು ಬೇಕಂತೆ ಇವರಿಗೆ ಎಂದುಕೊಂಡು ಫೋಟೋಗಳನ್ನು ಮತ್ತೆ ತೆರೆದೆ. ಜೇಡದ ಹಿಂದೆ ಕಾಡಿಗೆಯಂಥ ಕಪ್ಪು. ಅದು ರಾಜೇಶ್ವರದ ಮಣ್ಣಿನ ಗೋಡೆಯ ಮೇಲೆ ಕೂತಿತ್ತೋ, ನಮ್ಮ ಸ್ಟುಡಿಯೋದ ಮೇಜಿನ ಮೇಲೆ ಕೂತಿತ್ತೋ, ತೆಗೆದ ನನ್ನನ್ನು ಬಿಟ್ಟು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸಿಟ್ಟು ಇಳಿಯಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಅವರು ನಮ್ಮ ಕಡೆಯ ಜೇಡಗಳ ಬಗ್ಗೆ ಒಂದು ಸಚಿತ್ರ ಪುಸ್ತಕ ಸಿದ್ಧಪಡಿಸುತ್ತಿದ್ದರು. ಅವರ ಊರು ಬಸವಕಲ್ಯಾಣ. ಪುಸ್ತಕದಲ್ಲಿ ಮನೆಯ ಗೋಡೆಯ ಜಿಗಿಜೇಡಕ್ಕೆ ಒಂದು ಇಡೀ ಪುಟ. ಜಿಗಿಜೇಡ ಬಲೆ ನೇಯ್ದು ಕಾಯುವುದಿಲ್ಲ. ನೊಣವನ್ನು ಕಣ್ಣಿನಿಂದಲೇ ಗುರಿ ಹಿಡಿದು ಮೇಲೆ ಹಾರುತ್ತದೆ. ನಮ್ಮೆಲ್ಲರ ಮನೆಯಲ್ಲೂ ಇರುವ ಬೂದುಬಣ್ಣದ ಚಪ್ಪಟೆ ಹುಳ ಅದು. ಅವರ ಷರತ್ತು ಒಂದೇ. ಅದನ್ನು ಹಿಡಿಯಬಾರದು, ಮುಟ್ಟಬಾರದು, ಅದು ಇದ್ದಲ್ಲಿಯೇ ತೆಗೆಯಬೇಕು. ತಾಯಿ ಗೂಡು ಕಾಯುವುದು, ಮರಿಗಳು ಹೊರಗೆ ಬರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದೆ.

‘ಬ್ಯಾರೆ ಊರಿನವರದ್ದೊಂದು ಫೋಟೋ ಅದರಿ ನನ್ನ ಕಡೆ. ಅದನ್ನ ಹಾಕಬೇಕಾಗ್ತದ.’

ಆ ಫೋಟೋ ನೋಡಿದ್ದೆ. ಜೇಡವನ್ನು ಡಬ್ಬಿಯಲ್ಲಿ ಹಿಡಿದು, ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ, ಗುಲಾಬಿ ಎಲೆಯ ಮೇಲೆ ಕೂರಿಸಿ ತೆಗೆದದ್ದು. ನೋಡಲು ಚೆಂದವೇ. ಆದರೆ ನಮ್ಮ ಗೋಡೆಯ ಜೇಡದ ಪುಟದಲ್ಲಿ ಯಾರದೋ ಕುಂಡದ ಗುಲಾಬಿ ಎಲೆ ಅಚ್ಚಾಗುವುದು ನನಗೆ ಸಹಿಸುವಂತಿರಲಿಲ್ಲ. ಇನ್ನೂ ಒಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ನನ್ನನ್ನು ಎಲ್ಲರೂ ‘ಮದುವಿ ಫೋಟೋದಾಕಿ’ ಎಂದೇ ಕರೆಯುತ್ತಾರೆ. ಆ ಹೆಸರಿನ ಬಗ್ಗೆ ಬೇಸರವಿಲ್ಲ, ಅನ್ನ ಕೊಟ್ಟ ಹೆಸರು. ಆದರೆ ಆ ಪುಟ ನನಗೆ ಬೇಕಿತ್ತು.

ಜೇಡ ಸಿಕ್ಕಿದ್ದೂ ಮದುವೆಮನೆಯ ಕೆಲಸದಂಥದ್ದರಲ್ಲೇ. ರಾಜೇಶ್ವರದ ಒಂದು ಮನೆಯಲ್ಲಿ ಚೊಚ್ಚಲ ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಫೋಟೋ ತೆಗೆಯಲು ಹೋಗಿದ್ದೆ. ಆಲ್ಬಮ್ ಕೊಡಲು ಮತ್ತೆ ಹೋದಾಗ, ಪಡಸಾಲೆಯ ಗೋಡೆಯಲ್ಲಿ ದೀಪವಿಡಲು ಕೊರೆದ ಮಾಡದ ಪಕ್ಕ, ಮಣ್ಣುಗೋಡೆಯ ಬಿರುಕಿನಲ್ಲಿ ಬೆಳ್ಳಗೆ ರೇಷ್ಮೆ ಹಾಸಿದ್ದು ಕಾಣಿಸಿತು. ಅದರ ಬಾಯಲ್ಲಿ ಗೂಡು ಕಾಯುತ್ತ ತಾಯಿಜೇಡ ಕೂತಿದ್ದಳು. ನಾನು ಬಗ್ಗಿದೆ. ಆಕೆ ತಿರುಗಿ ನನ್ನನ್ನೇ ನೋಡಿದಳು. ಇಷ್ಟು ಸಣ್ಣ ಜೀವ ನಮ್ಮ ಮುಖವನ್ನು ಮುಖದಂತೆ ನೋಡುತ್ತದಲ್ಲ, ಅದಕ್ಕೇ ನಾನು ಈ ಜೇಡಗಳಿಗೆ ಮರುಳಾದದ್ದು.

ಮನೆಯ ಯಜಮಾನಿಯನ್ನು ನಾನು ಆಯಿ ಎನ್ನುತ್ತಿದ್ದೆ. ಬಸುರಿ ಮಗಳ ತಾಯಿ, ಊರಿನಲ್ಲಿ ಎದುರು ಮಾತಾಡುವವರಿಲ್ಲದ ಹೆಂಗಸು. ಜೇಡದ ಫೋಟೋ ತೆಗೆಯಲು ದಿನಾ ಬರುತ್ತೇನೆಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಮದುವಿ ಸೀಜನ್ ಇಲ್ಲ ಅಂತ ಜಾಡಕ್ಕ ಬಂದಿ ಏನ್ ತಂಗಿ? ಆಕಿಗೂ ಶಾಲು ಹೊದಿಸಿ ಕುಂದ್ರಿಸ್ತಿ?’

ಆದರೂ ಬರಬೇಡ ಎನ್ನಲಿಲ್ಲ. ಹೋದಾಗಲೆಲ್ಲ ಚಹಾ ಕೊಟ್ಟರು.

ನನ್ನ ಮ್ಯಾಕ್ರೊ ಲೆನ್ಸು, ಅಂದರೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಲೆನ್ಸು, ಉಂಗುರ, ಮೂಗುತಿ, ಮೆಹಂದಿ ತೆಗೆಯಲೆಂದು ತಂದದ್ದು. ಉಂಗುರ ಅಲುಗಾಡುವುದಿಲ್ಲ, ಜೇಡ ಅಲುಗುತ್ತದೆ. ಅಷ್ಟು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಬರುವ ಪದರ ಒಂದು ಜೋಳದ ಎಲೆಯಷ್ಟು ತೆಳು. ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಆ ಪದರ ದಪ್ಪವಾಗಬೇಕಾದರೆ ಲೆನ್ಸಿನ ರಂಧ್ರ ಕಿರಿದು ಮಾಡಬೇಕು, ಕಿರಿದು ಮಾಡಿದರೆ ಬೆಳಕು ಸಾಲದು, ಬೆಳಕು ಸಾಲದಿದ್ದರೆ ಫ್ಲ್ಯಾಶ್ ಬೇಕು. ಫ್ಲ್ಯಾಶಿನ ಚುಚ್ಚುಬೆಳಕು ಮೆದುವಾಗಲೆಂದು ಥರ್ಮೋಕೋಲ್ ತಟ್ಟೆ ಕೊರೆದು, ಆಲ್ಬಮ್ಮಿನ ಹಾಳೆಗಳ ನಡುವೆ ಹಾಕುವ ಬಟರ್ ಪೇಪರ್ ಅಂಟಿಸಿ ಒಂದು ಟೋಪಿ ಮಾಡಿಕೊಂಡಿದ್ದೆ. ಟ್ರೈಪಾಡ್ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಪಡಸಾಲೆಯಲ್ಲಿದ್ದ ಸೋಯಾ ಕಾಳಿನ ಚೀಲದ ಮೇಲೆ ಮೊಣಕೈ ಊರಿ, ಉಸಿರು ಬಿಗಿಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಕಣ್ಣು ಮಿಂಚಿದಾಗ ಗುಂಡಿ ಒತ್ತಬೇಕು.

ಗೋಡೆ ಎಲ್ಲಿ ಎಂಬ ಪ್ರಶ್ನೆ ಹುಟ್ಟಿದ್ದೇ ಇದರಿಂದ. ಮುಖ ಕಾಣಲೆಂದು ಕ್ಯಾಮೆರಾವನ್ನು ಗೋಡೆಗೆ ಒರಗಿಸಿ ಓರೆಯಾಗಿ ಹಿಡಿದಿದ್ದೆ. ಫ್ಲ್ಯಾಶಿನ ಬೆಳಕು ಜೇಡದವರೆಗೆ ಹೋಗಿ ಅಲ್ಲೇ ಮುಗಿಯಿತು. ಹಿಂದಿನ ಗೋಡೆ, ಬಾಗಿಲು, ಅಂಗಳ ಎಲ್ಲ ಕತ್ತಲಾಯಿತು.

ಎರಡನೆಯ ಸಲ ಫ್ಲ್ಯಾಶಿನ ಶಕ್ತಿ ತಗ್ಗಿಸಿ, ಅಂಗಳದ ಬೆಳಕೂ ಸೇರಲೆಂದು ಶಟರ್ ನಿಧಾನ ಮಾಡಿದೆ. ಹಿಂದಿನದು ಅಷ್ಟಿಷ್ಟು ಕಂಡಿತು, ಜೇಡ ಅಲುಗಿ ಒಂದೊಂದು ಕಾಲೂ ಎರಡೆರಡಾಗಿ ಬಂತು. ಇನ್ನೂ ಹತ್ತಿರ ಹೋದೆ. ಬಿಳಿಟೋಪಿ ತಲೆಯ ಮೇಲೆ ಬಂದದ್ದೇ ಆಕೆ ಒಳಗೆ ಸರಿದು ರೇಷ್ಮೆಯ ಬಾಯಿ ಮುಚ್ಚಿಕೊಂಡಳು. ಆ ಹಗಲೆಲ್ಲ ಹೊರಗೆ ಬರಲಿಲ್ಲ. ಇನ್ನೊಂದು ದಿನ ಫ್ಲ್ಯಾಶ್ ತೆಗೆದಿಟ್ಟು ಬರೀ ಹಗಲಬೆಳಕಿನಲ್ಲಿ ತೆಗೆದರೆ ಎಲ್ಲ ಮಣ್ಣುಬಣ್ಣ. ಆ ಗೋಡೆ ಸದಾ ನೆರಳಿನಲ್ಲಿತ್ತು. ಅಂಗಳದಾಚೆ ಅದರ ಎದುರಿಗಿದ್ದ ದನದ ಕೊಟ್ಟಿಗೆಯ ಗೋಡೆಗೆ ಹಗಲೆಲ್ಲ ಬಿಸಿಲು ಬೀಳುತ್ತಿದ್ದರೂ, ಆ ಕಂದು ಮಣ್ಣು ಬಿಸಿಲನ್ನೆಲ್ಲ ತಾನೇ ನುಂಗುತ್ತಿತ್ತು.

ಮನೆಗೆ ಬಂದು ಗೊಣಗಿದೆ. ‘ಬಿಟ್ಟುಬಿಡು, ಮುಂದಿನ ವಾರ ಚಿಟಗುಪ್ಪದಾಗ ಒಂದು ತೊಟ್ಟಿಲ ಕಾರ್ಯಕ್ರಮ ಅದ, ಅಲ್ಲಿ ಯಾರೂ ಬಿರುಕಿನ್ಯಾಗ ಹೊಗಂಗಿಲ್ಲ’ ಎಂದ ನನ್ನ ಗಂಡ. ನಾನು ನಗಲಿಲ್ಲ.

ಮರುದಿನ ಹೋದಾಗ ಅಂಗಳದ ಹಂಡೆಯಲ್ಲಿ ಸುಣ್ಣ ಕುದಿಯುತ್ತಿತ್ತು.

ದಸರೆಗೆ ಮುಂಚಿನ ಅಮಾವಾಸ್ಯೆ, ನಮ್ಮ ಕಡೆಯ ಮಹಾನವಮಿ ಅಮಾವಾಸ್ಯೆ, ಹತ್ತಿರ ಬಂದಿತ್ತು. ಅದಾದ ಮರುದಿನ ದೇವರ ಮುಂದೆ ಘಟ ಕೂಡಿಸಿ ದೀಪ ಹಚ್ಚಿದರೆ, ದಸರಾ ಮುಗಿಯುವವರೆಗೆ ಆ ಮನೆಯ ಗೋಡೆಗೆ ಕುಂಚ ತಾಗುವುದಿಲ್ಲ. ಬಳಿಯುವುದಿದ್ದರೆ ಮೊದಲೇ ಬಳಿಯಬೇಕು. ಎಲ್ಲ ಗೋಡೆಗೂ, ಬಿಟ್ಟೂಬಿಡದೆ.

‘ಆಯಿ, ಆ ಬಿರುಕು ಒಂದು ಬಿಡ್ರಿ. ಮರಿ ಇನ್ನೂ ಹೊರಗ ಬಂದಿಲ್ಲರಿ’ ಎಂದೆ.

‘ಹ್ಯಾಂಗ ಬಿಡೂದು? ಬಾಜೂಕ ದೀಪದ ಮಾಡ. ಬಂದವರ ಕಣ್ಣು ಮೊದಲ ಅಲ್ಲೇ ಬೀಳ್ತದ. ಸುಣ್ಣ ಕಾಣದ ಗೋಡಿ ಸೂತಕದ ಮನೀದು ಅಂತಾರ ಮಂದಿ. ಬಸುರಿ ಮಗಳು ಮನ್ಯಾಗ ಕುಂತಾಳ.’

ಮಗಳು ಹೊಸ್ತಿಲ ಬಳಿ ಕೂತು ಕಲ್ಲು ಆರಿಸಿದ ಬೇಳೆಯನ್ನು ಮೊರಕ್ಕೆ ಹಾಕುತ್ತಿದ್ದಳು. ‘ಒಂದು ರಟ್ಟಿನ ಮ್ಯಾಲ ಹಗೂರಕ ಕೆರದು ತೊಗೊಂಡು ಹೋಗ್ರಿ ಅಕ್ಕಾ. ನಿಮ್ಮ ಅಂಗಡ್ಯಾಗ ಇಟ್ಟುಕೊಂಡು ಆರಾಮ ತೆಗೀರಿ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಉತ್ತರ ಕೊಡುವ ಮೊದಲೇ ಆಯಿ ಮಗಳ ಕಡೆ ತಿರುಗಿದರು.

‘ಬಾಯಿ ಮುಚ್ಚು. ಬಸುರಿ ಇದ್ದ ಮನ್ಯಾಗ ಇನ್ನೊಬ್ಬಾಕಿ ಗೂಡು ಕೀಳೂದಿಲ್ಲ.’

ಅಲ್ಲಿಗೆ ಗೂಡು ಕೀಳುವಂತಿಲ್ಲ, ಸುಣ್ಣ ಬಿಡುವಂತಿಲ್ಲ. ‘ಹಾವೂ ಸಾಯಬಾರದು, ಕೋಲೂ ಮುರಿಬಾರದು’ ಎಂದು ಆಯಿಯೇ ಹೇಳಿ, ಸುಣ್ಣ ಕಲಕುವ ಕೋಲನ್ನು ಹಂಡೆಯಲ್ಲಿ ಒಂದು ಸುತ್ತು ತಿರುಗಿಸಿದರು.

ನನಗೆ ಒಂದು ಉಪಾಯ ಹೊಳೆಯಿತು. ಸ್ಟುಡಿಯೋದವಳಿಗೆ ಹೊಳೆಯುವಂಥದ್ದೇ. ಮುಂದಿನ ಬಸ್ಸಿಗೆ ಹುಮನಾಬಾದಿಗೆ ಹೋಗಿ ಅಂಗಡಿಯಲ್ಲಿದ್ದ ಒಳ್ಳೆಯ ಫೋಟೋ ಚೌಕಟ್ಟು ತಂದೆ. ಹೊಂಬಣ್ಣದ ಹೂಬಳ್ಳಿ ಕೊರೆದದ್ದು. ಗಾಜು ತೆಗೆದು, ಹಿಂದಿನ ರಟ್ಟು ತೆಗೆದು, ಬಿರುಕಿನ ಸುತ್ತ ಹಿಡಿದು ತೋರಿಸಿದೆ. ಹೊರಗೆಲ್ಲ ಸುಣ್ಣ, ಒಳಗೆ ಜೇಡ; ನೋಡುವವರಿಗೆ ಗೋಡೆಗೆ ಫೋಟೋ ತೂಗುಹಾಕಿದಂತೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ.

ಆಯಿ ಒಳಗಿನ ಗೋಡೆಯತ್ತ ಬೆರಳು ತೋರಿಸಿದರು. ಅಲ್ಲಿ ಅವರ ಅತ್ತೆ, ಮಾವ, ಗಂಡ ಸಾಲಾಗಿ ಚೌಕಟ್ಟಿನೊಳಗೆ ಮಾಲೆ ಹಾಕಿಕೊಂಡು ಕೂತಿದ್ದರು.

‘ನಮ್ಮ ಮನ್ಯಾಗ ಚೌಕಟ್ಟಿನ್ಯಾಗ ಹೋಗೂದು ಯಾವಾಗ ಅಂತ ಗೊತ್ತದಲ್ಲ? ಖಾಲಿ ಚೌಕಟ್ಟು ತೂಗಹಾಕಿದರ, ಇದು ಯಾರಿಗಿ ಕಾಯಾಕತ್ತದ ಅಂತ ಕೇಳ್ತಾರ. ನನಗ ಹೇಳು, ಏನ್ ಉತ್ತರ ಕೊಡ್ಲಿ?’

ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಚೌಕಟ್ಟನ್ನು ಸರಕ್ಕನೆ ಇಳಿಸಿ ಚೀಲಕ್ಕೆ ಸೇರಿಸಿದೆ. ಎಷ್ಟೋ ಮನೆಗಳಿಗೆ ಸತ್ತವರ ಫೋಟೋ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟವಳು ನಾನು. ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಆಯಿ ಮಾಡದ ಮುಂದೆ ಹೋಗಿ ನಿಂತರು. ನಮ್ಮ ಕಡೆ ಸುಣ್ಣ ಬಳಿದ ಮೇಲೆ ದೀಪದ ಮಾಡದ ಸುತ್ತ ಜಾಜಿನ, ಅಂದರೆ ಕೆಮ್ಮಣ್ಣಿನ, ಗೆರೆ ಎಳೆಯುತ್ತಾರೆ. ಅವರು ಗಾಳಿಯಲ್ಲೇ ಬೆರಳಿನಿಂದ ಆ ಗೆರೆ ಎಳೆದರು, ಆಮೇಲೆ ಬಿರುಕಿನ ಸುತ್ತಲೂ ಹಾಗೆಯೇ ಎಳೆದರು.

‘ಮಾಡಕ್ಕ ಬರದಂಗ ಈಕಿಗೂ ಜಾಜು ಬರೀತೀನಿ. ಗೆರಿ ಒಳಗ ಸುಣ್ಣ ಹಚ್ಚೂದಿಲ್ಲ. ಮಂದಿ ಕೇಳಿದರ, ಇದೂ ಮಾಡನೇ ಅಂತೀನಿ. ಗೇಣು ಜಾಗ ಕೊಡ್ತೀನಿ, ಅದಕ್ಕಿಂತ ಹೆಚ್ಚು ಕೇಳಬ್ಯಾಡ.’

ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ಇನ್ನೊಂದು ಬೇಡಿಕೆ ಇಟ್ಟೆ. ಈ ಗೋಡೆಯನ್ನು ಕೊನೆಗೆ ಬಳಿಯಿರಿ, ಎದುರಿನ ಕೊಟ್ಟಿಗೆ ಗೋಡೆಯಿಂದ ಶುರುಮಾಡಿ ಎಂದೆ. ನನಗೆ ಬೇಕಿದ್ದದ್ದು ಒಂದಿಷ್ಟು ಸಮಯ, ಬೇರೇನೂ ಅಲ್ಲ. ‘ಬೆರಳು ಕೊಟ್ಟರ ಹಸ್ತ ನುಂಗ್ತಿ’ ಎನ್ನುತ್ತಾ ಆಯಿ ಹಂಡೆ ಎತ್ತಿಸಿಕೊಂಡು ಕೊಟ್ಟಿಗೆ ಕಡೆ ಹೋದರು.

ಮರುದಿನ ನಾನು ಬಂದಾಗ ಕೊಟ್ಟಿಗೆ ಗೋಡೆ ಎರಡು ಕೈ ಸುಣ್ಣ ಕುಡಿದು ಒಣಗಿತ್ತು. ಚಿಟಿಕೆ ನೀಲಿ ಹಾಕಿದ್ದರಿಂದ ಕಣ್ಣು ಕುಕ್ಕುವ ಬಿಳುಪು. ಚೀಲ ಬಿಚ್ಚಿ ಫ್ಲ್ಯಾಶಿಗೆ ಟೋಪಿ ಹಾಕುತ್ತಿದ್ದೆ. ಮಗಳು ಎಂದಿನಂತೆ ಹೊಸ್ತಿಲ ಬಳಿ ಕೂತಿದ್ದಳು. ಅವಳತ್ತ ನೋಡಿದವಳು ಹಾಗೇ ನಿಂತೆ.

ಮದುಮಗಳ ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ನೋಡುವುದು ನನ್ನ ಕಣ್ಣಿಗೆ ಅಂಟಿದ ಚಟ. ನಿನ್ನೆಯವರೆಗೆ ಆ ಹೊಸ್ತಿಲಲ್ಲಿ ಅವಳ ಕಣ್ಣಿನ ಕೆಳಗೆ, ಗದ್ದದ ಕೆಳಗೆ ಕಪ್ಪು ನೆರಳಿತ್ತು. ಇವತ್ತು ಒಂದೂ ಇಲ್ಲ. ಮುಖ ತುಂಬಾ ಹಾಲಿನಂಥ ಬೆಳಕು. ಕಲ್ಯಾಣಮಂಟಪದಲ್ಲಿ ನಾವು ಬಿಳಿ ಛತ್ರಿ ಹಿಡಿದು, ಎರಡು ದೀಪ ಇಟ್ಟು ತರಿಸುವ ಬೆಳಕು ಅದು. ತಿರುಗಿ ನೋಡಿದೆ. ಬಿಸಿಲು ಕೊಟ್ಟಿಗೆಯ ಸುಣ್ಣದ ಗೋಡೆಗೆ ಬಿದ್ದು, ಅಂಗಳ ದಾಟಿ, ನೇರವಾಗಿ ಪಡಸಾಲೆಗೆ ಬರುತ್ತಿತ್ತು. ಜೇಡದ ಬಿರುಕಿಗೂ, ಬಾಗಿಲಿಗೂ, ಹೊಸ್ತಿಲಿಗೂ ಒಂದೇ ಬೆಳಕು.

ಯಾವ ಸುಣ್ಣಕ್ಕೆ ಹೆದರಿ ನಿದ್ದೆ ಬಿಟ್ಟಿದ್ದೆನೋ ಅದೇ ನನಗೆ ದೀಪ ಹಿಡಿದಿತ್ತು. ಬಟರ್ ಪೇಪರಿನ ಟೋಪಿ ಕಳಚಿದೆ. ಫ್ಲ್ಯಾಶನ್ನೂ ಕಳಚಿ ಚೀಲದ ತಳಕ್ಕೆ ಹಾಕಿದೆ. ಇನ್ನು ಮುಂದೆ ಈ ಕೆಲಸದಲ್ಲಿ ಇದನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಮರಿಗಳು ಹೊರಬರುವ ಹೊತ್ತಿಗೆ ಮೋಡ ಕವಿದರೆ ಕೈಗೆ ಏನೂ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಸರಿಯೆನಿಸಿತು.

ಅಮಾವಾಸ್ಯೆಯ ಹಿಂದಿನ ದಿನ ಜೇಡದ ಗೋಡೆಯ ಸರದಿ. ಆಲ್ಬಮ್ಮಿನ ದಪ್ಪ ರಟ್ಟೊಂದನ್ನು ಗೂಡಿಗೆ ತಾಗದಂತೆ ಅಡ್ಡ ಹಿಡಿದು ನಾನು ನಿಂತೆ. ಆಯಿ ಮೇಲಿಂದ ಕೆಳಗೆ ಕುಂಚ ಎಳೆಯುತ್ತಾ ಬಂದರು. ಹಸಿಸುಣ್ಣ ರೇಷ್ಮೆಗೆ ಬಿದ್ದರೆ ಒಳಗಿನ ಜೀವಗಳೆಲ್ಲ ಸುಟ್ಟುಹೋಗುತ್ತವೆ. ರಟ್ಟಿನ ಹತ್ತಿರ ಬಂದಾಗ ಕುಂಚದಿಂದ ಒಂದು ಹನಿ ಸಿಡಿದು, ನನ್ನ ಕೈ ದಾಟಿ, ಗೂಡಿನ ಬಾಯಿಯ ಪಕ್ಕಕ್ಕೇ ಬಿತ್ತು.

ತಾಯಿಜೇಡ ಹೊರಗೆ ಬಂದಳು. ಮುಂದಿನ ಎರಡೂ ಕಾಲು ಮೇಲೆತ್ತಿ ಕುಂಚದ ಎದುರು ನಿಂತಳು. ಕುಂಚದ ಒಂದು ಮೂಲೆಯಷ್ಟೂ ಇಲ್ಲದವಳು. ಕ್ಯಾಮೆರಾ ಕೊರಳಲ್ಲೇ ಇತ್ತು, ಕೈಗಳು ರಟ್ಟಿನಲ್ಲಿದ್ದವು. ಹನಿ ಮಣ್ಣಿನ ಮೇಲೆ ನಿಂತಿತ್ತು, ರೇಷ್ಮೆಗೆ ತಾಗಿರಲಿಲ್ಲ. ನೋಡನೋಡುತ್ತ ಮಣ್ಣು ಅದನ್ನು ಹೀರಿತು, ಬಿಳಿ ಚುಕ್ಕೆ ಉಳಿಯಿತು.

‘ಆಯ್ತವ್ವ, ಆಯ್ತು. ಸಿಟ್ಟಿಗೇಳಬ್ಯಾಡ’ ಎಂದರು ಆಯಿ. ನನಗಲ್ಲ, ಅವಳಿಗೆ. ಕುಂಚವನ್ನು ಹಂಡೆಗೆ ಹಾಕಿ, ಬಿರುಕಿನ ಸುತ್ತಲಿನ ಸುಣ್ಣವನ್ನು ಬಟ್ಟೆಯ ತುದಿಯಿಂದ ಒತ್ತಿಒತ್ತಿ ಹಚ್ಚಿದರು. ಒಣಗಿದ ಮೇಲೆ ಜಾಜನ್ನು ಬೆರಳಿನಿಂದಲೇ ಬರೆದರು. ಗೆರೆ ಎಲ್ಲೂ ನಡುಗಲಿಲ್ಲ.

ಘಟ ಕೂಡಿಸಿದ ದಿನ ಮೋಡ. ಮರುದಿನವೂ ಮೋಡ. ನಾನು ಸೋಯಾ ಚೀಲದ ಮೇಲೆ ಮೊಣಕೈ ಊರಿ, ಎಡಗೆನ್ನೆ ಗೋಡೆಗೆ ಒತ್ತಿ, ಬರಿದೇ ಕಾದೆ. ಹುಮನಾಬಾದಿನ ಬಸ್ಸಿನಲ್ಲಿ ಕಂಡಕ್ಟರ್ ಅರ್ಧ ಬೆಳ್ಳಗಾದ ನನ್ನ ಮುಖ ನೋಡಿ ಟಿಕೆಟ್ ಕೊಡುವುದನ್ನೇ ಮರೆತ. ಮನೆಯಲ್ಲಿ ಗಂಡ, ‘ಗೋಡಿಗಿ ನೀ ಸುಣ್ಣ ಹಚ್ಚಿದ್ಯೋ, ಗೋಡಿ ನಿನಗ ಹಚ್ಚಿತೋ?’ ಎಂದ. ಈ ಸಲ ನಾನೂ ನಕ್ಕೆ.

ಅದರಾಚೆಯ ದಿನ ರೇಷ್ಮೆಯ ಹಾಸು ಒಳಗಿನಿಂದ ಮಿಸುಕತೊಡಗಿತು. ತಾಯಿ ಬಾಯಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ಕೂತಳು. ಮೊದಲ ಮರಿ ಬಂತು. ಎಳ್ಳುಕಾಳಿನಷ್ಟು, ನೀರಿನಂತೆ ತಿಳಿಯಾದ ಮೈ, ಅದಕ್ಕೆ ಸಾಸಿವೆ ಒಡೆದಿಟ್ಟಂಥ ಕಪ್ಪು ಕಣ್ಣು. ಅದರ ಹಿಂದೆ ಇನ್ನೊಂದು, ಮತ್ತೊಂದು. ಆಕಾಶ ಬೂದುಬಣ್ಣ. ಕ್ಯಾಮೆರಾದ ಸಂವೇದನೆ ಏರಿಸಿದರೆ ಚಿತ್ರದಲ್ಲಿ ಮರಳು ಸುರಿದಂತೆ ಆಗುತ್ತಿತ್ತು. ಚೀಲದ ತಳದಲ್ಲಿ ಫ್ಲ್ಯಾಶ್ ಇತ್ತು. ಕೈ ಅತ್ತ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು, ಬರಿಗೈಯಲ್ಲಿ ಹಿಂದೆ ಬಂತು.

‘ಬಿಸಿಲು ಬಂತು ಅಕ್ಕಾ’ ಎಂದಳು ಮಗಳು ಹೊಸ್ತಿಲಿನಿಂದ.

ಎದುರಿನ ಗೋಡೆ ಹೊತ್ತಿಕೊಂಡಂತೆ ಬೆಳಗಿತು. ಪಡಸಾಲೆ ತುಂಬಿತು. ಗುಂಡಿ ಒತ್ತಿದೆ. ಮೈ ಮುಂದೆ, ಒತ್ತಿದೆ. ಮೈ ಹಿಂದೆ, ಒತ್ತಿದೆ. ತಾಯಿ ನನ್ನ ಕಡೆ ಮುಖ ತಿರುಗಿಸಿದಳು. ಒಂದು ಮರಿ ಜಾಜಿನ ಗೆರೆಯವರೆಗೆ ನಡೆದು, ಅಲ್ಲಿ ನಿಂತು, ಆಚೆಯ ಬಿಳಿ ಬಯಲನ್ನು ನೋಡಿತು. ಆಮೇಲೆ ಜಿಗಿಯಿತು. ಬಿಸಿಲು ಹೋಯಿತು.

ಪರದೆಯ ಮೇಲೆ ನೋಡಿದೆ. ತಾಯಿಯ ಕಣ್ಣು ಸ್ಪಷ್ಟ, ಗೆರೆಯ ಮೇಲೆ ನಿಂತ ಮರಿ ಸ್ಪಷ್ಟ, ಎರಡೂ ಅದೇ ತೆಳು ಪದರಕ್ಕೆ ಸಿಕ್ಕಿದ್ದವು. ಮಣ್ಣಿನ ಬಿರುಕು, ಅದರ ಪಕ್ಕದ ಸುಣ್ಣದ ಚುಕ್ಕೆ, ಕೆಂಪು ಗೆರೆ, ಆಚೆ ದೂರದವರೆಗೆ ಬಿಳಿ ಗೋಡೆ, ಅದರ ಕೊನೆಗೆ ಮಸುಕಾಗಿ ಬಾಗಿಲು, ಬಾಗಿಲಲ್ಲಿ ಹಳದಿ ಸೀರೆಯ ತುಂಬು ಬಸುರಿ. ನಾನು ಹೇಳಿ ಕೂರಿಸಿದ್ದಲ್ಲ, ಅವಳು ದಿನಾ ಕೂರುವ ಜಾಗ. ಇಷ್ಟು ವರ್ಷಗಳಲ್ಲಿ ತೆಗೆದದ್ದರಲ್ಲಿ ಇದೇ ಒಳ್ಳೆಯ ಚಿತ್ರವೆಂದು ಆ ಕ್ಷಣವೇ ಗೊತ್ತಾಯಿತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ಸಂಶೋಧಕರು ಈ ಸಲ ಬರೆಯಲಿಲ್ಲ, ಫೋನು ಮಾಡಿದರು. ‘ಗೋಡಿ ಬಂತರಿ’ ಎಂದರು. ಗುಲಾಬಿ ಎಲೆಯ ಫೋಟೋ ಅವರ ಬಳಿಯೇ ಉಳಿಯಿತು, ಪುಸ್ತಕಕ್ಕೆ ಬರಲಿಲ್ಲ. ಬಸವಕಲ್ಯಾಣದ ಒಂದು ಶಾಲೆಯ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾದಾಗ, ಆ ಪುಟ ತೆರೆದು ಚಿತ್ರದ ಕೆಳಗೆ ನನ್ನ ಹೆಸರನ್ನು ಬೆರಳಿಟ್ಟು ಓದಿದೆ. ಪಕ್ಕದಲ್ಲಿದ್ದ ಗಂಡನೂ ಜೋರಾಗಿ ಓದಿದ.

ಪುಸ್ತಕ ಹಿಡಿದು ರಾಜೇಶ್ವರಕ್ಕೆ ಹೋದೆ. ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿ ತೊಟ್ಟಿಲು ತೂಗುತ್ತಿತ್ತು. ಮೊಮ್ಮಗಳ ಫೋಟೋ ತೆಗೆ ಎನ್ನುತ್ತಾರೆಂದು ಕ್ಯಾಮೆರಾ ಹೊರಗೆ ತೆಗೆದೆ. ಆಯಿ ಆ ಪುಟವನ್ನು ಬಹಳ ಹೊತ್ತು ನೋಡಿದರು.

‘ಆ ಖಾಲಿ ಚೌಕಟ್ಟು ಇನ್ನೂ ಅದ ಏನ್ ತಂಗಿ?’

‘ಅದರಿ ಆಯಿ.’

‘ಇದನ್ನ ಹಾಕಿ ತಗೊಂಡು ಬಾ.’

ತಂದೆ. ದೊಡ್ಡದು ಮಾಡಿ, ಗಾಜು ಹಾಕಿಸಿ. ಅವರು ಅದನ್ನು ಒಳಗಿನ ಮಾಲೆಯ ಸಾಲಿಗೆ ಸೇರಿಸಲಿಲ್ಲ. ಪಡಸಾಲೆಯಲ್ಲಿ ತೊಟ್ಟಿಲ ಮೇಲೆ ಮೊಳೆ ಹೊಡೆಸಿದರು. ಮಗು ನೋಡಲು ಬಂದ ನೆರೆಮನೆಯಾಕೆ ಕತ್ತೆತ್ತಿ, ‘ಇದ್ಯಾರ ಫೋಟೋರಿ?’ ಎಂದು ಕೇಳಿದಳು.

‘ನಮ್ಮ ಮನ್ಯಾಗ ಈ ವರ್ಷ ಮೊದಲ ಹಡದಾಕಿ’ ಎಂದರು ಆಯಿ. ‘ನನ್ನ ಮಗಳು ಆಮ್ಯಾಲ. ತೆಗದಾಕಿ ಈಕಿ.’

ನೆರೆಮನೆಯಾಕೆ ಫೋಟೋದ ಹತ್ತಿರ ಹೋದಳು. ಬಾಗಿಲು ನೋಡಿದಳು, ಕೆಂಪು ಗೆರೆ ನೋಡಿದಳು, ಬಿರುಕಿನ ಪಕ್ಕದ ಬಿಳಿ ಚುಕ್ಕೆ ನೋಡಿದಳು. ಆಮೇಲೆ ಫೋಟೋ ಬಿಟ್ಟು ದೀಪದ ಮಾಡದತ್ತ ನಡೆದು, ಖಾಲಿಯಾದ ಗೂಡಿನ ಪಕ್ಕ ಇನ್ನೂ ಹಾಗೇ ಇದ್ದ ಆ ಸುಣ್ಣದ ಚುಕ್ಕೆಯ ಮೇಲೆ ಬೆರಳಿಟ್ಟಳು.

‘ಇದೇ ಆ ಗೋಡಿ’ ಎಂದಳು.